ಖಾಜಿಯ ಮುಂದೆ ಪರದೇಶಿ ವ್ಯಾಪಾರಿ: ಅವನ ಮಾತು ನಡೆಯುತ್ತಿತ್ತೇ?

ಮಲ್ಲೇಶ್ವರದ ಓದುಗ:
ಗೆಳೆಯರೇ, ಒಂದು ಸಂಶಯ. ಇಸ್ಲಾಮೀ ಕಾನೂನಿನಲ್ಲಿ ಮುಸ್ಲಿಮನ ವಿರುದ್ಧ ಮುಸ್ಲಿಮೇತರನ ಸಾಕ್ಷಿ ಒಪ್ಪುತ್ತಿರಲಿಲ್ಲ ಅಂತ ಓದಿದ್ದೇನೆ. ಅದೇ ಕಾಲಕ್ಕೆ ವೆನಿಸ್, ಜಿನೋವಾ, ಫ್ಲಾರೆನ್ಸ್‌ನವರು, ಆಮೇಲೆ ಫ್ರೆಂಚರು, ಇಂಗ್ಲಿಷರು, ಡಚ್ಚರು ಅಲೆಕ್ಸಾಂಡ್ರಿಯಾ, ಬುರ್ಸಾ, ಅಲೆಪ್ಪೊ, ಇಸ್ತಾಂಬುಲ್‌ಗಳಲ್ಲಿ ತಲೆಮಾರುಗಟ್ಟಲೆ ಕೂತು ಮೆಣಸು, ರೇಷ್ಮೆ, ಉಣ್ಣೆಬಟ್ಟೆ ವ್ಯಾಪಾರ ಮಾಡಿದ್ದಾರೆ. ಕೈಗಡವೇನು, ಉದ್ದರಿ ಏನು, ಎಲ್ಲ ನಡೆದಿದೆ. ಸರಕು ತಗೊಂಡವನು "ನಾನು ತಗೊಂಡೇ ಇಲ್ಲ" ಅಂದುಬಿಟ್ಟರೆ ಇವರ ಗತಿ ಏನು? ಖಾಜಿ ಇವರ ಮಾತನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲವೇ? ಹಾಗಾದರೆ ಯಾವ ಧೈರ್ಯದ ಮೇಲೆ ಉದ್ದರಿ ಕೊಡುತ್ತಿದ್ದರು? ಧರ್ಮದ ಜಗಳ ಬೇಡ. ಕೋರ್ಟಿನೊಳಗೆ ನಿಜವಾಗಿ ಏನು ನಡೆಯುತ್ತಿತ್ತು ಅನ್ನೋದು ಬೇಕು.

ಹಳೇದಫ್ತರ:
ಮೊದಲು ಪರದೇಶಿ ಅಂದರೆ ಯಾರು ಅನ್ನೋದನ್ನು ಬಿಡಿಸಿಕೊಳ್ಳೋಣ, ಹಕ್ಕೆಲ್ಲ ಅದರ ಮೇಲೆ ನಿಂತಿದೆ. ಸುಲ್ತಾನನ ನಾಡಿನಲ್ಲೇ ಇದ್ದು ಜಜಿಯಾ ಕಟ್ಟುವ ಕ್ರೈಸ್ತ, ಯಹೂದಿ ಇವರು ಜಿಮ್ಮಿಗಳು. ಹೊರಗಿನ ದೊರೆಯ ಪ್ರಜೆ ಹರ್ಬಿ, ಅವನಿಗೆ ಇಲ್ಲಿ ಯಾವ ರಕ್ಷಣೆಯೂ ಇಲ್ಲ. ಅದೇ ಹರ್ಬಿಗೆ ಅಮಾನ್, ಅಂದರೆ ಅಭಯ ಸಿಕ್ಕರೆ ಅವನು ಮುಸ್ತಾಮಿನ್. ಅಲ್ಲಿಂದ ಅವನ ಜೀವ, ಸರಕು, ಅವನಿಗೆ ಬರಬೇಕಾದ ಬಾಕಿ ಎಲ್ಲಕ್ಕೂ ಕಾನೂನಿನ ಕಾವಲು. ಈ ಅಭಯ ಕೊಡೋಕೆ ಸುಲ್ತಾನನೇ ಬೇಕು ಅಂತಿರಲಿಲ್ಲ. ಪ್ರಾಯಕ್ಕೆ ಬಂದ ಯಾವ ಸ್ವತಂತ್ರ ಮುಸ್ಲಿಮನೂ ಕೊಡಬಹುದಿತ್ತು, ಹೆಂಗಸರೂ ಕೊಡಬಹುದಿತ್ತು. ಮಕ್ಕಾ ಗೆದ್ದ ದಿನ ಉಮ್ಮ್ ಹಾನಿ ಎಂಬಾಕೆ ಕೊಟ್ಟ ಆಶ್ರಯವನ್ನು ಪ್ರವಾದಿಯೇ ಎತ್ತಿಹಿಡಿದ ಪ್ರಸಂಗವನ್ನು ಇದಕ್ಕೆ ಆಧಾರವಾಗಿ ಹೇಳುತ್ತಾರೆ. ವ್ಯಾಪಾರಿಗಳು ಬಂದುಹೋಗುವ ರೂಢಿ ಇರುವ ಕಡೆ ಆ ರೂಢಿಯೇ ಅಭಯಕ್ಕೆ ಸಮ ಅಂತ ಸುನ್ನಿ ಕಾನೂನಿನ ನಾಲ್ಕು ಪಂಥಗಳಲ್ಲಿ ಒಂದಾದ ಹಂಬಲಿ ಪಂಥದ ಇಬ್ನ್ ಕುದಾಮ ಬರೆದಿದ್ದಾನೆ.

ಹನಫಿ ಪಂಥದಲ್ಲಿ ಈ ವಿಷಯಕ್ಕೆ ತಳಪಾಯ ಹಾಕಿದವನು ಹಾರೂನ್ ಅಲ್ ರಶೀದನ ಕಾಲದ ಶೈಬಾನಿ, 805ರಲ್ಲಿ ತೀರಿಕೊಂಡ. ಮುಸ್ತಾಮಿನ್ ಇಲ್ಲೇ ಸತ್ತರೆ ಅವನ ಆಸ್ತಿ ಖಜಾನೆಗೆ ಸೇರುವುದಿಲ್ಲ, ಅವನ ದೇಶದ ವಾರಸುದಾರರಿಗೆ ಸಲ್ಲಬೇಕು. ಇಲ್ಲಿ ನಡೆದ ವ್ಯವಹಾರದ ದಾವೆಯನ್ನು ಖಾಜಿ ಕೇಳಬೇಕು. ಆದರೆ ಇಬ್ಬರು ಹೊರದೇಶದವರು ತಮ್ಮ ನಾಡಿನಲ್ಲೇ ಮಾಡಿಕೊಂಡ ಸಾಲದ ತಕರಾರನ್ನು ಕೇಳುವಂತಿಲ್ಲ, ಅಲ್ಲಿ ಖಾಜಿಯ ಅಧಿಕಾರ ಓಡುವುದಿಲ್ಲ. ವರ್ಷಗಟ್ಟಲೆ ಇಲ್ಲೇ ನಿಂತುಬಿಟ್ಟರೆ ಜಿಮ್ಮಿ ಅಂತ ಲೆಕ್ಕ ಹಿಡಿದು ಜಜಿಯಾ ಹಾಕಬಹುದು.

ಹಾಗಾಗಿ ನಿಮ್ಮ ಪ್ರಶ್ನೆಗೆ ಒಂದೇ ಮಾತಿನ ಉತ್ತರ: ಕೇಳುತ್ತಿದ್ದರು. ಪರದೇಶಿ ದಾವೆ ಹೂಡಬಹುದಿತ್ತು, ಅವನ ಮೇಲೂ ಹೂಡಬಹುದಿತ್ತು. ತೊಡಕೆಲ್ಲ ಇದ್ದದ್ದು ರುಜುವಾತಿನಲ್ಲಿ.

ನೇರನುಡಿ:
ಬಾಗಿಲು ತೆಗೆದಿದೆ, ಆದರೆ ಅವನ ಕಡೆಯವರು ಸಾಕ್ಷಿ ಹೇಳೋ ಹಾಗಿಲ್ಲ. ಊಟಕ್ಕೆ ಕರೆದು ಎಲೆ ಹಾಕದೆ ಕೂರಿಸಿದಂತೆ ಆಯ್ತಲ್ಲ ಸ್ವಾಮಿ! ಈ ನಿಯಮದ ಮೇಲೆ ಪುಟಗಟ್ಟಲೆ ಸಮಜಾಯಿಷಿ ಬರೆಯುವವರನ್ನು ತುಂಬ ನೋಡಿದ್ದೇನೆ. ಕೊನೆಗೆ ಎಲ್ಲರೂ ಹೇಳೋದು ಒಂದೇ, "ಆ ಕಾಲಕ್ಕೆ ಅದೇ ಉದಾರ" ಅಂತ.

ಹಳೇದಫ್ತರ:
ಸಮಜಾಯಿಷಿ ನನಗೂ ಬೇಡ. ನಿಯಮ ಪಕ್ಷಪಾತದ್ದೇ. ಅದನ್ನು ಇದ್ದ ಹಾಗೇ ಇಡುತ್ತೇನೆ.

ತುರ್ಕಿಯ ಆಟೊಮನ್ ಸಾಮ್ರಾಜ್ಯದ ಕೋರ್ಟುಗಳು ಅನುಸರಿಸುತ್ತಿದ್ದ ಹನಫಿ ನಿಯಮದಲ್ಲಿ ಮುಸ್ಲಿಮನ ವಿರುದ್ಧ ಮುಸ್ಲಿಮೇತರನ ಸಾಕ್ಷಿ ನಡೆಯದು. ಜಿಮ್ಮಿಗಳು ಒಬ್ಬರ ಮೇಲೊಬ್ಬರು ಸಾಕ್ಷಿ ಹೇಳಬಹುದು. ಜಿಮ್ಮಿ ಮುಸ್ತಾಮಿನನ ಮೇಲೆ ಹೇಳಬಹುದು, ಆದರೆ ಮುಸ್ತಾಮಿನ್ ಜಿಮ್ಮಿಯ ಮೇಲೆ ಹೇಳುವಂತಿಲ್ಲ. ಅಂದರೆ ಮೆಟ್ಟಿಲಲ್ಲಿ ಎಲ್ಲರಿಗಿಂತ ಕೆಳಗೆ ನಿಂತವನು ಇದೇ ಪರದೇಶಿ. ಶಾಫಿ, ಮಾಲಿಕಿ ಪಂಥಗಳಲ್ಲಿ ಇಷ್ಟೂ ಇಲ್ಲ. ಮುಸ್ಲಿಮೇತರರು ತಮ್ಮತಮ್ಮೊಳಗೂ ಸಾಕ್ಷಿಯಾಗುವಂತಿರಲಿಲ್ಲ.

ಆದರೆ ಎರಡು ಸಂಗತಿ ಗಮನಿಸಿ. ಒಂದು, ಇಲ್ಲಿ ಧರ್ಮ ನೋಡುವುದು ಸಾಕ್ಷಿಯದ್ದು, ಕಕ್ಷಿದಾರನದ್ದಲ್ಲ. ಜಿನೋವಾದವನ ಪರವಾಗಿ ಇಬ್ಬರು ಮುಸ್ಲಿಮರು ಬಂದು ಹೇಳಿದರೆ ಅವನು ಗೆದ್ದ. ಬಂದರಿನ ದಲ್ಲಾಳಿ, ತೂಕದವನು, ಪಕ್ಕದ ಅಂಗಡಿಯವನು ಹಾಗೆ ಹೇಳೋಕೆ ಯಾವ ಅಡ್ಡಿಯೂ ಇಲ್ಲ. ಎರಡು, ಸಾಕ್ಷಿಯೇ ಇಲ್ಲದಿದ್ದರೆ ಮುಂದಿನದು ಆಣೆ. ದಾವೆ ಹೂಡಿದವನು ಸಾಕ್ಷಿ ತರಬೇಕು, ಇಲ್ಲ ಅಂದವನು ಆಣೆ ಇಡಬೇಕು, ಇದು ಇಡೀ ಫಿಕ್ಹ್‌ನ, ಅಂದರೆ ಇಸ್ಲಾಮೀ ನ್ಯಾಯಶಾಸ್ತ್ರದ ಮೂಲಸೂತ್ರ. ಪ್ರತಿವಾದಿ ಆಣೆಗೆ ಹಿಂಜರಿದರೆ ಹನಫಿಗಳಲ್ಲಿ ಅವನು ಸೋತಂತೆ. ಪರದೇಶಿಯೇ ಪ್ರತಿವಾದಿಯಾದಾಗ ಅವನ ಆಣೆಯೂ ಪೂರ್ತಿ ಊರ್ಜಿತ. ಕ್ರೈಸ್ತನಿಗೆ "ಏಸುವಿಗೆ ಇಂಜೀಲ್ ಇಳಿಸಿದ ದೇವರಾಣೆ", ಯಹೂದಿಗೆ "ಮೂಸಾನಿಗೆ ತೌರಾತ್ ಇಳಿಸಿದ ದೇವರಾಣೆ" ಅಂತ ಅವರವರ ನಂಬಿಕೆಯ ಮೇಲೇ ಹೇಳಿಸುತ್ತಿದ್ದರು.

ಇವೆರಡಕ್ಕಿಂತ ಗಟ್ಟಿಯಾದ್ದು ಇಕ್ರಾರ್. ಸಾಲಗಾರನೇ ಖಾಜಿಯ ಮುಂದೆ ನಿಂತು "ಹೌದು, ಇಷ್ಟು ಕೊಡಬೇಕು" ಅಂತ ಒಪ್ಪಿಕೊಂಡುಬಿಟ್ಟರೆ ಅದರ ಮುಂದೆ ಬೇರೆ ಪುರಾವೆ ಯಾತಕ್ಕೂ ಬೇಡ. ಪರದೇಶಿ ವ್ಯಾಪಾರಿಗಳು ಹಿಡಿದುಕೊಂಡದ್ದು ಇದನ್ನೇ. ಜಗಳ ಹುಟ್ಟಿದ ಮೇಲೆ ಖಾಜಿಯ ಹತ್ತಿರ ಹೋಗುವುದಲ್ಲ, ವ್ಯವಹಾರ ಕುದುರಿದ ದಿನವೇ ಇಬ್ಬರೂ ಒಟ್ಟಿಗೆ ಹೋಗಿ ಒಪ್ಪಿಗೆಯನ್ನು ಬರೆಸಿಬಿಡುವುದು.

ಧಾರವಾಡದ ವಕೀಲ:
ಅಲ್ರೀ, ಒಂದು ಕಾನೂನಿನ ಮಾತು ಕೇಳ್ತೀನಿ. ನಮ್ಮಲ್ಲಿ 1872ರ ಸಾಕ್ಷ್ಯ ಕಾಯ್ದೆಯ 91, 92ನೇ ಕಲಂ ಪ್ರಕಾರ ಕರಾರು ಬರವಣಿಗೆಯೊಳಗ ಇತ್ತಂದ್ರ ಬಾಯಿಮಾತಿನ ಸಾಕ್ಷಿಯಿಂದ ಅದನ್ನ ಅಲ್ಲಗಳೆಯೋಕೆ ಬರೂದಿಲ್ಲ. ಈಗ ಕಾಯ್ದೆ ಹೆಸರು ಬದಲಾಗೇತಿ, ತಿರುಳು ಅದ ಐತಿ. ಆದ್ರ ಫಿಕ್ಹ್‌ನೊಳಗ ಕಾಗದಕ್ಕ ಅಷ್ಟು ಕಿಮ್ಮತ್ತಿಲ್ಲ, ಬಾಯಿಮಾತಿನ ಸಾಕ್ಷಿನ ಮೇಲು ಅಂತ ಓದೀನಿ. ಒಂದು ಕೈಬರಹ ಇನ್ನೊಂದರ ಹಂಗ ಇರತೈತಿ, ಮುದ್ರೆ ಕಳ್ಳತನದ್ದಿರಬಹುದು ಅನ್ನೂದು ಅವರ ವಾದ. ಹಂಗಿದ್ದಾಗ ಖಾಜಿ ಬರೆದುಕೊಟ್ಟ ಕಾಗದ ತಗೊಂಡು ಪರದೇಶಿ ಏನು ಮಾಡ್ತಾನ? ತಿರುಗಿ ಮುಸ್ಲಿಂ ಸಾಕ್ಷಿ ಹುಡುಕೋದ ಆತಲ್ಲ?

ಹಳೇದಫ್ತರ:
ವಕೀಲರೇ, ಸರಿಯಾದ ಗಂಟಿಗೇ ಕೈ ಹಾಕಿದ್ದೀರಿ. ಶಾಸ್ತ್ರದ ಪ್ರಕಾರ ನೀವು ಹೇಳಿದ್ದೇ ನಿಜ, ಬರೀ ಕಾಗದ ಪುರಾವೆಯಲ್ಲ. ಆ ಗಂಟನ್ನು ಆಚರಣೆಯಲ್ಲಿ ಹೇಗೆ ಬಿಡಿಸಿದರು ಅನ್ನೋದೇ ಸ್ವಾರಸ್ಯ.

17ನೇ ಶತಮಾನದ ಗಲಾಟಾ ಅಂದುಕೊಳ್ಳಿ. ಇಸ್ತಾಂಬುಲ್‌ನಿಂದ ಗೋಲ್ಡನ್ ಹಾರ್ನ್ ಖಾರಿ ದಾಟಿದರೆ ಸಿಗುವ, ಫ್ರಾಂಕರು, ಅಂದರೆ ಪಶ್ಚಿಮ ಯುರೋಪಿನವರು ತುಂಬಿಕೊಂಡಿದ್ದ ಬಂದರುಪೇಟೆ. ಒಬ್ಬ ಇಂಗ್ಲಿಷ್ ವ್ಯಾಪಾರಿ ಸ್ಥಳೀಯ ಬಟ್ಟೆ ವರ್ತಕನಿಗೆ ಉಣ್ಣೆಬಟ್ಟೆಯನ್ನು ಉದ್ದರಿ ಕೊಡಬೇಕಾಗಿದೆ. ಇಬ್ಬರೂ ದುಭಾಷಿಯನ್ನು ಕರೆದುಕೊಂಡು ಖಾಜಿಯ ಅಥವಾ ಅವನ ನಾಯಿಬನ, ಅಂದರೆ ಸಹಾಯಕ ಖಾಜಿಯ ಮುಂದೆ ಕೂರುತ್ತಾರೆ. ಗುಮಾಸ್ತ ಮೊದಲು ಹೆಸರು, ತಂದೆಯ ಹೆಸರು, ಯಾವ ನಾಡಿನವನು ಅಂತ ಬರೆಯುತ್ತಾನೆ. ವರ್ತಕ ತನ್ನ ಸ್ವಂತ ಇಚ್ಛೆಯಿಂದ ಒಪ್ಪಿಕೊಂಡ ಅಂತ ಬರೆಯುತ್ತಾನೆ. ಸರಕು ಏನು, ಬೆಲೆ ಎಷ್ಟು, ವಾಯಿದೆ ಯಾವಾಗ, ಜಾಮೀನು ಯಾರು, ಎಲ್ಲ ಬರುತ್ತದೆ. ಎದುರು ಕಕ್ಷಿ ಅಲ್ಲೇ ಇದ್ದು ಅದನ್ನು ದೃಢಪಡಿಸಿದ ಅಂತಲೂ ಬರೆಯುತ್ತಾನೆ. ಕೋರಿಕೆಯ ಮೇರೆಗೆ ನಡೆದದ್ದನ್ನು ಬರೆಯಲಾಯಿತು ಅನ್ನೋದು ಕೊನೆಯ ವಾಕ್ಯ, ಅದರ ಕೆಳಗೆ ಹಿಜರಿ ತಾರೀಖು. ಅದರ ಅಡಿಗೆ ಸಾಲಾಗಿ ಐದಾರು ಹೆಸರು. ಇವರು ಶುಹೂದುಲ್ ಹಾಲ್, ಕಲಾಪ ನಡೆಯುವಾಗ ಅಲ್ಲಿ ಕೂತಿದ್ದವರು. ಪಕ್ಕದ ಮಸೀದಿಯ ಇಮಾಮ, ಕೋರ್ಟಿನ ಜವಾನ, ಪೇಟೆಯ ಯಜಮಾನ, ಹೀಗೆ. ಹಲವು ದಿನದ ದಾಖಲೆಗಳಲ್ಲಿ ಅವೇ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಒಂದು ಪ್ರತಿ ದಫ್ತರಕ್ಕೆ, ಅಂದರೆ ಸಿಜಿಲ್‌ಗೆ. ಇನ್ನೊಂದು ಪ್ರತಿ ಖಾಜಿಯ ಮುದ್ರೆಯೊಂದಿಗೆ ವ್ಯಾಪಾರಿಯ ಕೈಗೆ. ಅದೇ ಹುಜ್ಜತ್. ಫೀಸು ಬೇರೆ ಕೊಡಬೇಕು, ಅದರ ಬಗ್ಗೆ ಎಲ್ಲರದ್ದೂ ಗೊಣಗಾಟ.

ಈಗ ವಕೀಲರ ಪ್ರಶ್ನೆ. ಆ ಐದಾರು ಹೆಸರುಗಳೇ ಉತ್ತರ. ಅವರೆಲ್ಲ ಸಾಮಾನ್ಯವಾಗಿ ಮುಸ್ಲಿಮರು, ಊರಲ್ಲಿ ಪರಿಚಿತರು. ಹುಜ್ಜತ್ ಮಾಡಿಸಿದಾಗ ವ್ಯಾಪಾರಿಗೆ ಕಾಗದದ ಜೊತೆ ಸಾಕ್ಷಿಗಳೂ ಸಿಕ್ಕಂತಾಯಿತು, ಅದೂ ಜಗಳ ಹುಟ್ಟುವ ಮೊದಲೇ. ಶಾಸ್ತ್ರಕ್ಕೂ ಭಂಗ ಬರಲಿಲ್ಲ, ಪರದೇಶಿಗೂ ದಾರಿಯಾಯಿತು.

ಇದರ ಮೇಲೆ ಸುಲ್ತಾನರು ಇನ್ನೊಂದು ಬೀಗ ಹಾಕಿದರು. 1569ರಲ್ಲಿ ಎರಡನೇ ಸಲೀಮ್ ಫ್ರೆಂಚರಿಗೂ, 1580ರಲ್ಲಿ ಮೂರನೇ ಮುರಾದ್ ಇಂಗ್ಲಿಷರಿಗೂ ಕೊಟ್ಟ ಅಹದ್‌ನಾಮೆಗಳಲ್ಲಿ ಅಂದರೆ ಪರದೇಶಿ ವ್ಯಾಪಾರಿಗಳಿಗೆ ಕೊಟ್ಟ ಹಕ್ಕುಪತ್ರಗಳಲ್ಲಿ, ಒಂದು ಕಲಮು ಇದೆ. ಕೊಡುಕೊಳ್ಳುವಿಕೆ, ಜಾಮೀನು ಇವನ್ನೆಲ್ಲ ಖಾಜಿಯ ದಫ್ತರದಲ್ಲಿ ಬರೆಸಿ ಹುಜ್ಜತ್ ಪಡೆಯಬೇಕು. ತಕರಾರು ಬಂದರೆ ಅದನ್ನು ನೋಡಬೇಕು. ಹುಜ್ಜತ್ತೂ ಇಲ್ಲದೆ ದಫ್ತರದಲ್ಲೂ ಇಲ್ಲದೆ ಬರೀ ಸುಳ್ಳು ಸಾಕ್ಷಿ ಕಟ್ಟಿಕೊಂಡು ಬಂದವನ ದಾವೆ ಕೇಳಕೂಡದು ಅನ್ನೋದು ಅದರ ಸಾರ. ಶಾಸ್ತ್ರದಲ್ಲಿ ಹಿಂದೆ ಕೂತಿದ್ದ ಕಾಗದ ಪರದೇಶಿಯ ವಿಷಯದಲ್ಲಿ ಮುಂದಕ್ಕೆ ಬಂತು. ಯಾವ ದಾವೆ ಕೇಳಬೇಕು, ಯಾವುದನ್ನು ಕೇಳಬಾರದು ಅಂತ ಖಾಜಿಗೆ ಆಜ್ಞೆ ಮಾಡುವುದು ಸುಲ್ತಾನನ ಹಕ್ಕು. ಆದ್ದರಿಂದ ಸಾಕ್ಷ್ಯದ ನಿಯಮವನ್ನು ಮುಟ್ಟದೆಯೇ ಕೆಲಸ ಆಯಿತು.

ದುಬೈ ಕನ್ನಡಿಗ:
ದುಭಾಷಿ ವಿಷಯ ಬಂತಲ್ಲ, ಒಂದು ಅಡ್ಡಮಾತು. ನಾನು ಇಲ್ಲಿ ಸರಕು ಸಾಗಣೆ ಕಂಪನಿಯೊಂದರಲ್ಲಿ ಕಾಗದಪತ್ರ ನೋಡಿಕೊಳ್ಳುವವನು. ಇವತ್ತಿಗೂ ಇಲ್ಲಿನ ಸಾಮಾನ್ಯ ಕೋರ್ಟಿಗೆ ಹೋದರೆ ಪರವಾನಗಿ ಇರುವ ಭಾಷಾಂತರಕಾರ ಅರಬ್ಬಿಗೆ ಮಾಡಿಕೊಟ್ಟ ಪ್ರತಿ ಇಲ್ಲದೆ ಇಂಗ್ಲಿಷ್ ಇನ್‌ವಾಯ್ಸ್‌ಗೆ ಬೆಲೆ ಇಲ್ಲ. ಆಗಿನ ದುಭಾಷಿ ಯಾರ ಕಡೆಯ ಮನುಷ್ಯ? ಖಾಜಿಯ ನೌಕರನೋ, ವ್ಯಾಪಾರಿಯ ಕಡೆಯವನೋ?

ಹಳೇದಫ್ತರ:
ರಾಯಭಾರಿ ಅಥವಾ ಕಾನ್ಸಲ್ (ಬಂದರಿನಲ್ಲಿ ತನ್ನ ದೇಶದ ವ್ಯಾಪಾರಿಗಳನ್ನು ನೋಡಿಕೊಳ್ಳುವ ಅಧಿಕಾರಿ) ಇಟ್ಟುಕೊಂಡವನು, ಅಂದರೆ ವ್ಯಾಪಾರಿಯ ಕಡೆಯವನೇ. ಆದರೆ ಬಹುಪಾಲು ಸುಲ್ತಾನನ ಪ್ರಜೆ: ಗಲಾಟಾದ ಪಕ್ಕದ ಪೇರಾದ ಹಳೆಯ ಲ್ಯಾಟಿನ್ (ಕ್ಯಾಥೊಲಿಕ್) ಮನೆತನದವರು, ಗ್ರೀಕರು, ಯಹೂದಿಗಳು. ಅವನು ಬಾರದೆ ಪರದೇಶಿಯ ಮೇಲಿನ ದಾವೆ ವಿಚಾರಿಸುವಂತಿಲ್ಲ ಅಂತ ಅಹದ್‌ನಾಮೆಯಲ್ಲೇ ಇತ್ತು. ಆ ಕಲಮನ್ನು ದುಡಿಸಿಕೊಂಡು ದುಭಾಷಿಗೆ ಹುಷಾರಿಲ್ಲ ಅಂತ ವಾಯಿದೆ ತಗೊಳ್ಳುವ ಕಲೆಯೂ ಬೆಳೆದಿರಬೇಕು, ವಕೀಲರಿಗೆ ಗೊತ್ತಿರುತ್ತದೆ!

ಧಾರವಾಡದ ವಕೀಲ:
ನಮ್ಮ ಕಡೆ ಬೆರಳು ಮಾಡಬ್ಯಾಡ್ರಿ ಮತ್ತ.

ಬಾರ್ಕೂರಿನವಳು:
ನೀವೆಲ್ಲ ಇಸ್ತಾಂಬುಲ್‌ನಲ್ಲೇ ಇದ್ದೀರಿ ಮಾರಾಯ್ರೆ, ನಮ್ಮ ಕರಾವಳಿಯಲ್ಲಿ ಇದರ ತಲೆಕೆಳಗಿನ ಚಿತ್ರ ಉಂಟಲ್ಲ. ಅಲ್ಲಿ ಕ್ರೈಸ್ತ ವ್ಯಾಪಾರಿ ಖಾಜಿಯ ಮುಂದೆ, ಇಲ್ಲಿ ಅರಬ್ ವ್ಯಾಪಾರಿ ಹಿಂದೂ ಅರಸನ ಊರಲ್ಲಿ.

ಅಲ್ ಮಸೂದಿ 916ರ ಸುಮಾರಿಗೆ ಸೈಮೂರಿಗೆ, ಅಂದರೆ ಈಗಿನ ಚೌಲ್‌ಗೆ ಬಂದಿದ್ದ. ಅದು ಬಲ್ಹರನ, ಅಂದರೆ ನಮ್ಮ ಮಾನ್ಯಖೇಟದ ರಾಷ್ಟ್ರಕೂಟರ ಸೀಮೆ, ಕೈಕೆಳಗಿನ ಶಿಲಾಹಾರರು ಆಳುತ್ತಿದ್ದರು. ಅಲ್ಲಿ ಸಿರಾಫ್, ಒಮಾನ್, ಬಸ್ರಾ, ಬಾಗ್ದಾದ್ ಕಡೆಯವರು, ಇಲ್ಲೇ ಹುಟ್ಟಿದವರು ಸೇರಿ ಸುಮಾರು 10,000 ಮುಸ್ಲಿಮರಿದ್ದರು, ಅವರ ವ್ಯಾಜ್ಯ ತೀರಿಸೋಕೆ ಅವರಲ್ಲೇ ಒಬ್ಬನನ್ನು ಅರಸ ನೇಮಿಸಿದ್ದ, ಆ ಹುದ್ದೆಗೆ ಹುನರ್ಮನ್ ಅಂತ ಹೆಸರು ಅಂತ ಬರೆದಿದ್ದಾನೆ. ಅಧಿಕಾರ ಅರಸನದ್ದು, ಕಾನೂನು ಅವರದ್ದು. ಅದೇ ಸೀಮೆಯ ಚಿಂಚಣಿ ತಾಮ್ರಶಾಸನ 926ರದ್ದು, ಮೂರನೇ ಇಂದ್ರನ ಕಾಲದ್ದು. ಸಂಜಾನ್ ಭಾಗವನ್ನು ಆಳುತ್ತಿದ್ದ ಮಧುಮತಿ ಎಂಬ ತಾಜಿಕನ, ಅಂದರೆ ಅರಬನ ಹೆಸರು ಅದರಲ್ಲಿದೆ. ಮಹಮ್ಮದನೇ ಶಾಸನದಲ್ಲಿ ಮಧುಮತಿ ಆಗಿದ್ದು! ವ್ಯಾಪಾರಕ್ಕೆ ಬಂದವರ ಪೈಕಿ ಒಬ್ಬನಿಗೆ ರಾಷ್ಟ್ರಕೂಟರು ಒಂದು ಸೀಮೆಯನ್ನೇ ಒಪ್ಪಿಸಿದ್ದರು.

ಮಂಗಳೂರಿಗೆ ಬನ್ನಿ. 1342ರ ಸುಮಾರಿಗೆ ಇಬ್ನ್ ಬತೂತ ಬಂದಾಗ ಅಲ್ಲಿ ಫಾರಸ್, ಯೆಮನ್ ಕಡೆಯ ವ್ಯಾಪಾರಿಗಳು ಇಳಿಯುತ್ತಿದ್ದರು, ಸುಮಾರು 4000 ಮುಸ್ಲಿಮರಿದ್ದರು, ಬದ್ರುದ್ದೀನ್ ಅಲ್ ಮಾಬರಿ ಅಂತ ಶಾಫಿ ಖಾಜಿ ಇದ್ದ. ಊರವರಿಗೂ ಇವರಿಗೂ ಆಗಾಗ ಹೊಡೆದಾಟ ಆಗುತ್ತಿತ್ತು, ಅರಸನಿಗೆ ವ್ಯಾಪಾರಿಗಳು ಬೇಕಿದ್ದರಿಂದ ಅವನೇ ರಾಜಿ ಮಾಡಿಸುತ್ತಿದ್ದ ಅಂತಲೂ ಬರೆದಿದ್ದಾನೆ. ಹಳೇದಫ್ತರದವರು ಹೇಳಿದ ಅಭಯದ ಹಿಂದೆ ಇದ್ದದ್ದೂ ಇದೇ ಲೆಕ್ಕಾಚಾರ ಅಲ್ಲವಾ?

ಅದಕ್ಕೂ ಮೊದಲು, 1132ರಿಂದ 1149ರವರೆಗೆ ಇದೇ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಸಿಯಾ ಮೂಲದ ಯಹೂದಿ ವ್ಯಾಪಾರಿ ಇದ್ದ. ಅಶು ಎಂಬ ಇಲ್ಲಿನ ಹೆಂಗಸನ್ನು ದಾಸ್ಯದಿಂದ ಬಿಡಿಸಿದ ಪತ್ರ, ಏಡನ್ ವ್ಯಾಪಾರಿಗಳ ಜೊತೆಗಿನ ಕಾಗದಗಳು ಕೈರೋದ ಗೆನೀಝಾ, ಅಂದರೆ ಯಹೂದಿ ಪ್ರಾರ್ಥನಾಮಂದಿರದ ಹಳೆಯ ಕಾಗದಗಳ ರಾಶಿಯಲ್ಲಿ ಸಿಕ್ಕಿವೆ. ಏಡನ್‌ನಲ್ಲಿ ಅವನ ಕಡೆಯ ದೊಡ್ಡ ಮನುಷ್ಯ ಮದ್ಮೂನ್, ಅವನ ಹುದ್ದೆ ವಕೀಲ್ ಅಲ್ ತುಜ್ಜಾರ್. ದೂರದಲ್ಲಿರುವ ವ್ಯಾಪಾರಿಗಳ ಪರವಾಗಿ ಸರಕು ಇಟ್ಟುಕೊಳ್ಳುವುದು, ಬಾಕಿ ವಸೂಲಿ, ಬೇಕಾದರೆ ಕೋರ್ಟಿನಲ್ಲಿ ನಿಲ್ಲುವುದು ಆ ಹುದ್ದೆಯವರ ಕೆಲಸ. ಪರದೇಶಿ ತಾನೇ ಬಂದು ಖಾಜಿಯ ಮುಂದೆ ನಿಲ್ಲಲೇಬೇಕು ಅಂತಿರಲಿಲ್ಲ, ಅವನ ಪರವಾಗಿ ನಿಲ್ಲುವವರನ್ನು ಆ ಪೇಟೆಯೇ ಬೆಳೆಸಿಕೊಂಡಿತ್ತು.

ಮಲ್ಲೇಶ್ವರದ ಓದುಗ:
ಮೇಡಂ, ಇದು ನಾನು ಕೇಳಿದ್ದಕ್ಕಿಂತ ಹೆಚ್ಚೇ ಆಯಿತು. ಥ್ಯಾಂಕ್ಸ್.

ನೇರನುಡಿ:
ಎಲ್ಲ ಚೆಂದ. ಆದರೆ ಈ ಹುಜ್ಜತ್ತು, ಅಹದ್‌ನಾಮೆ ಎಲ್ಲ ದೊರೆಯ ಮರ್ಜಿ ಇರುವ ತನಕ ತಾನೇ? 1365ರಲ್ಲಿ ಸೈಪ್ರಸ್‌ನ ದೊರೆ ಪೀಟರ್ ಅಲೆಕ್ಸಾಂಡ್ರಿಯಾ ಲೂಟಿ ಮಾಡಿದ, ಅದಕ್ಕೆ ಈಜಿಪ್ತನ್ನು ಆಳುತ್ತಿದ್ದ ಮಮ್ಲೂಕರು ತಮ್ಮ ನಾಡಿನಲ್ಲಿದ್ದ ಫ್ರಾಂಕ್ ವ್ಯಾಪಾರಿಗಳನ್ನು ಹಿಡಿದುಹಾಕಿದರು. 1510ರಲ್ಲಿ ಕ್ರೈಸ್ತ ಯೋಧಸಂಘದವರಾದ ರೋಡ್ಸ್‌ನ ನೈಟ್‌ಗಳು ಮಮ್ಲೂಕರ ಮರಮಟ್ಟಿನ ಹಡಗುಗಳನ್ನು ಹಿಡಿದರು, ಸುಲ್ತಾನ್ ಗೂರಿ ಕಾನ್ಸಲ್‌ಗಳನ್ನೂ ವ್ಯಾಪಾರಿಗಳನ್ನೂ ಸೆರೆಗೆ ತಳ್ಳಿದ. ಯಾರದೋ ತಪ್ಪಿಗೆ ಯಾರಿಗೋ ಶಿಕ್ಷೆ. ಅಲೆಕ್ಸಾಂಡ್ರಿಯಾದ ಫುಂದುಕ್, ಅಂದರೆ ಅವರು ಇಳಿದುಕೊಳ್ಳುವ ಛತ್ರಕ್ಕೆ, ರಾತ್ರಿಯೂ ಶುಕ್ರವಾರದ ನಮಾಜಿನ ಹೊತ್ತಿಗೂ ಹೊರಗಿನಿಂದ ಬೀಗ. ಇದನ್ನು ಹಕ್ಕು ಅನ್ನೋದಾ?

ಹಳೇದಫ್ತರ:
ಈ ಮಾತಿನಲ್ಲಿ ನಿಮ್ಮ ಜೊತೆಗೇ ಇದ್ದೇನೆ. ಖಾಜಿಯ ಕೋರ್ಟು ಒಂದು ಕಡೆ, ಸುಲ್ತಾನನ ಸಿಟ್ಟು ಇನ್ನೊಂದು ಕಡೆ. ಸಿಟ್ಟು ಬಂದಾಗ ಕೋರ್ಟು ಅಡ್ಡ ಬರಲಿಲ್ಲ. ಹಾಗೆ ಆಗುತ್ತಿದ್ದದ್ದಕ್ಕೇ ಅಹದ್‌ನಾಮೆಗಳಲ್ಲಿ ಒಬ್ಬನ ಸಾಲಕ್ಕೆ ಇನ್ನೊಬ್ಬನನ್ನು ಹಿಡಿಯಬಾರದು ಅನ್ನೋ ಕಲಮನ್ನು ಮತ್ತೆ ಮತ್ತೆ ಬರೆಸಿಕೊಂಡಿದ್ದು. ಸತ್ತ ವ್ಯಾಪಾರಿಯ ಸರಕಿಗೆ ಖಜಾನೆಯವರು ಕೈ ಹಾಕಬಾರದು ಅನ್ನೋ ಕಲಮೂ ಹಾಗೇ. ಶೈಬಾನಿ ಎಂಟುನೂರು ವರ್ಷ ಹಿಂದೆಯೇ ಹೇಳಿದ್ದನ್ನು ಸುಲ್ತಾನನ ಕೈಯಲ್ಲಿ ಮತ್ತೆ ಬರೆಸಿಕೊಳ್ಳಬೇಕಾಯಿತು ಅಂದರೆ ನೆಲದ ಮೇಲೆ ಏನಾಗುತ್ತಿತ್ತು ಅನ್ನೋದು ತಿಳಿಯುತ್ತದೆ.

ಆದರೆ ಎಲ್ಲವನ್ನೂ ಧರ್ಮದ ಖಾತೆಗೆ ಹಾಕುವುದಕ್ಕೆ ನನ್ನ ತಕರಾರಿದೆ. 1352ರ ಒಂದು ಪ್ರಸಂಗವನ್ನು ಇತಿಹಾಸಕಾರ ಮಕ್ರೀಝಿ ದಾಖಲಿಸಿದ್ದಾನೆ. ಇರಾನ್ ಕಡೆಯ ವ್ಯಾಪಾರಿಗಳು ಕೈರೋದ ವರ್ತಕರಿಗೆ ಸರಕನ್ನು ಉದ್ದರಿ ಕೊಟ್ಟಿದ್ದರು. ಕೈರೋದವರು ಬಾಕಿ ಕಟ್ಟದೆ ಹನಫಿ ಖಾಜಿಯ ಹತ್ತಿರ ಹೋಗಿ ತಾವು ದಿವಾಳಿ ಅಂತ ಸಾಬೀತು ಮಾಡಿಕೊಂಡರು. ಶಾಸ್ತ್ರದಲ್ಲಿ ದಿವಾಳಿಗೆ ವಾಯಿದೆ ಕೊಡಲೇಬೇಕು, ಅಲ್ಲಿಗೆ ಮುಗಿಯಿತು. ಪರದೇಶಿಗಳಿಗೆ ಅವರ ಬಚ್ಚಿಟ್ಟ ಗಂಟು ಎಲ್ಲಿದೆ ಅಂತ ತೋರಿಸುವ ಸಾಕ್ಷಿ ಆ ಊರಲ್ಲಿ ಎಲ್ಲಿಂದ ಬರಬೇಕು? ಅವರು ಸುಲ್ತಾನನ ಅಹವಾಲು ದರ್ಬಾರಿಗೆ ದೂರು ಕೊಟ್ಟರು. ಹಾಜಿಬ್ ಎಂಬ ಸೇನಾಧಿಕಾರಿಗೆ ಅಪ್ಪಣೆಯಾಯಿತು. ಅವನು ಸಾಲಗಾರರನ್ನು ಖಾಜಿಯ ಸೆರೆಯಿಂದ ಎಳೆದು ತಂದು ಹೊಡೆಸಿ ವಸೂಲು ಮಾಡಿಸಿದ. ಅಲ್ಲಿಂದ ಮುಂದೆ ಸಾಲದ ವ್ಯಾಜ್ಯಗಳೂ ಹಾಜಿಬನ ಕೈಗೆ ಹೋದವು, ಅದಕ್ಕೆ ಮಕ್ರೀಝಿಗೆ ಭಾರಿ ಅಸಮಾಧಾನ.

ಇಲ್ಲಿ ವಾದಿಗಳೂ ಮುಸ್ಲಿಮರು, ಪ್ರತಿವಾದಿಗಳೂ ಮುಸ್ಲಿಮರು, ಖಾಜಿಯೂ ಮುಸ್ಲಿಮ. ಆದರೂ ಖಾಜಿಯ ಹತ್ತಿರ ಪರದೇಶಿಗಳು ಸೋತರು. ಊರವನ ಬಗ್ಗೆ ಊರವರು ಸಾಕ್ಷಿ ಹೇಳುವ ವ್ಯವಸ್ಥೆಯಲ್ಲಿ ಹೊರಗಿನವನಿಗೆ ಏಟು ಬೀಳುವುದು ಅವನು ಹೊರಗಿನವನು ಅನ್ನೋದಕ್ಕೇ. ಧರ್ಮದ ನಿಯಮ ಅದರ ಮೇಲೆ ಇನ್ನೊಂದು ಹೊರೆ, ಅಷ್ಟೇ. ಎರಡಕ್ಕೂ ಅವರು ಕಂಡುಕೊಂಡ ಮದ್ದು ಒಂದೇ: ಮೊದಲೇ ಬರೆಸಿಡು, ಅದೂ ಆಗದಿದ್ದರೆ ಖಾಜಿಯನ್ನು ದಾಟಿ ದೊರೆಯ ಹತ್ತಿರ ಹೋಗು.

ದೊರೆಯ ಹತ್ತಿರ ಹೋಗುವ ದಾರಿಯನ್ನು ಆಟೊಮನ್ನರು ಬರವಣಿಗೆಗೇ ಇಳಿಸಿದರು. 17ನೇ ಶತಮಾನದ ಅಹದ್‌ನಾಮೆಗಳಲ್ಲಿ 4000 ಅಕ್ಚೆಗಿಂತ (ಅಕ್ಚೆ ಅವರ ಬೆಳ್ಳಿ ನಾಣ್ಯ) ಮೇಲ್ಪಟ್ಟ ದಾವೆ ಸ್ಥಳೀಯ ಖಾಜಿಯ ಬದಲು ರಾಜಧಾನಿಯ ದಿವಾನಿನಲ್ಲೇ, ಅಂದರೆ ಸುಲ್ತಾನನ ಮಂತ್ರಿಸಭೆಯಲ್ಲೇ ನಡೆಯಬೇಕು ಅಂತಿದೆ. 1586ರ ನಾಣ್ಯ ಅಪಮೌಲ್ಯದ ನಂತರ ಒಂದು ಚಿನ್ನದ ನಾಣ್ಯಕ್ಕೆ 120 ಅಕ್ಚೆ. ಅಂದರೆ 4000 ಅಂದರೆ 33 ಚಿನ್ನದ ನಾಣ್ಯ ಚಿಲ್ಲರೆ. ರೇಷ್ಮೆ ವ್ಯಾಪಾರಿಗೆ ಅದು ಜೇಬಿನ ದುಡ್ಡು! ದೊಡ್ಡ ವ್ಯವಹಾರ ಅನ್ನಿಸಿಕೊಳ್ಳುವ ಯಾವುದೇ ತಕರಾರನ್ನೂ ಅಲೆಪ್ಪೊದಿಂದ, ಇಜ್ಮಿರ್‌ನಿಂದ ಇಸ್ತಾಂಬುಲ್‌ಗೆ ಎಳೆಯಬಹುದಿತ್ತು. ಅಲ್ಲಿ ಇವರ ರಾಯಭಾರಿ ಇರುತ್ತಿದ್ದ. ಎದುರು ಕಕ್ಷಿಗೆ ಪ್ರಯಾಣದ ಖರ್ಚು ನೆನೆಸಿಕೊಂಡೇ ರಾಜಿಯಾಗುವ ಮನಸ್ಸು ಬರುತ್ತಿತ್ತು ಅನ್ನೋದು ನನ್ನ ಊಹೆ.

ಧಾರವಾಡದ ವಕೀಲ:
ವರ್ಗಾವಣೆ ಅರ್ಜಿ! ಅದರ ರುಚಿ ಹತ್ತಿದವರು ಬಿಡೂದಿಲ್ರಿ.

ಅವರವರೊಳಗಿನ ತಕರಾರು ಮಾತ್ರ ಅವರ ಕಾನ್ಸಲ್ಲನ ಮುಂದ ನಡೀತಿತ್ತು ಅಂತ ಓದೀನಿ. ಇಲ್ಲಿ ಸೂರತ್‌ನಾಗೂ ಹಂಗ. ಜಹಾಂಗೀರನ ದರ್ಬಾರಿಗೆ ಬಂದಿದ್ದ ಥಾಮಸ್ ರೋ 1618ರಾಗ ಶಹಜಾದಾ ಖುರ್ರಮನ ಕಡಿಂದ ಫರ್ಮಾನು ತಗೊಂಡಾನ, ಇಂಗ್ಲಿಷರೊಳಗಿನ ಜಗಳ ಇಂಗ್ಲಿಷರ ತೀರಿಸಿಕೋಬೇಕು ಅಂತ. ಆದ್ರ ಕಾನ್ಸಲ್ ಇದ್ದ ಮ್ಯಾಲೆ ಖಾಜಿ ಕಡೆ ಯಾಕ ಹೋಗ್ತಿದ್ರು? ಮುಸ್ಲಿಮರ ಜೋಡಿ ವ್ಯವಹಾರ ಇದ್ದಾಗ ಅಷ್ಟ ಏನು?

ಹಳೇದಫ್ತರ:
ಅಷ್ಟೇ ಅಲ್ಲ. ಗಲಾಟಾದ ದಫ್ತರಗಳಲ್ಲಿ ಎರಡೂ ಕಡೆ ಫ್ರಾಂಕರೇ ಇರುವ ಪತ್ರಗಳೂ ಉಂಟು. ಕಾನ್ಸಲ್ ಕೊಟ್ಟ ಕಾಗದ ಅವನ ಜನರ ನಡುವೆ ಮಾತ್ರ ನಡೆಯುತ್ತದೆ. ನಾಳೆ ಅದೇ ಬಾಕಿಯನ್ನು ಬೇರೆಯವರಿಗೆ ವರ್ಗ ಮಾಡಬೇಕಾದರೆ, ಮನೆ ಕೊಳ್ಳಬೇಕಾದರೆ, ಇನ್ನೊಬ್ಬನನ್ನು ವಕೀಲ ಅಂತ ನೇಮಿಸಬೇಕಾದರೆ ಎಲ್ಲರೂ ಒಪ್ಪುವ ಮುದ್ರೆ ಖಾಜಿಯದ್ದೇ. ಇನ್ನೂ ಹಿಂದೆ, 15ನೇ ಶತಮಾನದ ಬುರ್ಸಾದಲ್ಲಿ, ಇರಾನಿನ ರೇಷ್ಮೆ ಕೊಳ್ಳಲು ಬರುತ್ತಿದ್ದ ಇಟಲಿಯವರ ವ್ಯವಹಾರಗಳೂ ಅಲ್ಲಿನ ಖಾಜಿಯ ದಫ್ತರದಲ್ಲಿ ಹೀಗೇ ಬಂದಿವೆ. 1453ರಲ್ಲಿ ಎರಡನೇ ಮೆಹ್ಮದ್ ಗಲಾಟಾದ ಜಿನೋವಾದವರಿಗೆ ಕೊಟ್ಟ ಪತ್ರದಲ್ಲಿ ವ್ಯಾಪಾರಿಗಳ ತಕರಾರು ನೋಡಿಕೊಳ್ಳಲು ತಮ್ಮಲ್ಲೇ ಒಬ್ಬ ಹಿರಿಯನನ್ನು ಆರಿಸಿಕೊಳ್ಳಲು ಅವಕಾಶ ಇತ್ತು. ಹಾಗಿದ್ದೂ ಜನ ಖಾಜಿಯ ಕಡೆ ನಡೆದರು.

ನೇರನುಡಿ:
ಸರಿ, ಒಂದು ಮಟ್ಟಿಗೆ ಒಪ್ಪಿದೆ. ಆದರೆ ಖಾಜಿ ನಿಷ್ಪಕ್ಷಪಾತಿ ಅಂತ ಮಾತ್ರ ಹೇಳಬೇಡಿ. ಅರ್ಥಶಾಸ್ತ್ರಜ್ಞ ತೈಮೂರ್ ಕುರಾನ್ ಮತ್ತು ಸಂಗಡಿಗರು 17ನೇ ಶತಮಾನದ ಇಸ್ತಾಂಬುಲ್ ದಫ್ತರಗಳ ಲೆಕ್ಕ ತೆಗೆದು, ತೀರ್ಪು ಮುಸ್ಲಿಮರ ಕಡೆಗೂ ಸರ್ಕಾರಿ ಅಧಿಕಾರಿಗಳ ಕಡೆಗೂ ವಾಲಿತ್ತು ಅಂತ ತೋರಿಸಿದ್ದಾರೆ. ಯುರೋಪಿನವರೇ ಬರೆದ ಕಾಗದಗಳಲ್ಲೂ ಸುಲಿಗೆಯ ಗೋಳು ತುಂಬಿ ತುಳುಕುತ್ತದೆ.

ಹಳೇದಫ್ತರ:
ನಿಷ್ಪಕ್ಷಪಾತಿ ಅಂತ ನಾನು ಹೇಳಿಲ್ಲ. ಕುರಾನ್ ಅವರ ವಾದದ ಇನ್ನೊಂದು ತುದಿಯನ್ನೂ ಹೇಳಿ: ವಾಲಿಕೆ ಇದೆ ಅಂತ ಎಲ್ಲರಿಗೂ ಗೊತ್ತಿದ್ದರೆ ಕೊನೆಗೆ ಹೊರೆ ಬೀಳುವುದು ಮುಸ್ಲಿಮರ ಮೇಲೂ ಹೌದು, ಯಾಕೆಂದರೆ ಯಾರ ವಿರುದ್ಧ ಕೋರ್ಟಿನಲ್ಲಿ ಗೆಲ್ಲಲಾಗದೋ ಅಂಥ ಸಾಲಗಾರನಿಗೆ ಯಾರೂ ಕಡಿಮೆ ಬಡ್ಡಿಗೆ ಕೊಡುವುದಿಲ್ಲ. ಸುಲಿಗೆಯ ಗೋಳಿನ ವಿಷಯಕ್ಕೆ ಬಂದರೆ, ಕಾನ್ಸಲ್‌ಗಳ ಕಾಗದವನ್ನು ಆಟೊಮನ್ ದಾಖಲೆಯ ಪಕ್ಕದಲ್ಲಿಟ್ಟು ನೋಡಿದ ಈಚಿನ ಇತಿಹಾಸಕಾರರಿಗೆ ಕಂಡದ್ದು ಬೇರೆ. ಸುಲಿಗೆ ಅಂತ ಮೇಲಿನವರಿಗೆ ವರದಿಯಾದ ಎಷ್ಟೋ ಪ್ರಕರಣಗಳು ಕಾನೂನಿನ ಪ್ರಕಾರ ಹಾಕಿದ ಸುಂಕ ಅಥವಾ ಸೋತ ದಾವೆಗಳು. ಕಂಪನಿಯ ಲೆಕ್ಕದಲ್ಲಿ ಸೋಲು ಅಂತ ಬರೆಯುವುದಕ್ಕಿಂತ ಸುಲಿಗೆ ಅಂತ ಬರೆಯುವುದು ಸುಲಭ. ಎಲ್ಲವೂ ಹಾಗಲ್ಲ, ನಿಜವಾದ ಸುಲಿಗೆಯೂ ಬೇಕಾದಷ್ಟಿತ್ತು.

18ನೇ ಶತಮಾನಕ್ಕೆ ತಕ್ಕಡಿ ಹೇಗೆ ತಿರುಗಿತು ನೋಡಿ. ರಾಯಭಾರಿಗಳು ದುಭಾಷಿ ಹುದ್ದೆಯ ಬೆರಾತ್, ಅಂದರೆ ಸುಲ್ತಾನನ ನೇಮಕ ಪತ್ರಗಳನ್ನು ದುಡ್ಡಿಗೆ ಮಾರತೊಡಗಿದರು. ಕೊಂಡವರು ಸುಲ್ತಾನನದ್ದೇ ಪ್ರಜೆಗಳಾದ ಗ್ರೀಕ್, ಆರ್ಮೇನಿಯನ್, ಯಹೂದಿ ವ್ಯಾಪಾರಿಗಳು, ಒಂದು ವಾಕ್ಯ ಭಾಷಾಂತರ ಮಾಡದವರು. ಪರದೇಶಿಗೆ ಸಿಗುತ್ತಿದ್ದ ಸುಂಕದ ರಿಯಾಯಿತಿ, ದಿವಾನಿಗೆ ಹೋಗುವ ಹಕ್ಕು ಎಲ್ಲ ಅವರಿಗೂ. ಒಂದು ಕಾಲಕ್ಕೆ ಸಾಕ್ಷಿಯ ಮೆಟ್ಟಿಲಿನಲ್ಲಿ ಎಲ್ಲರಿಗಿಂತ ಕೆಳಗಿದ್ದ ಪರದೇಶಿಯ ಸ್ಥಾನವನ್ನು ಊರಿನವರೇ ದುಡ್ಡು ಕೊಟ್ಟು ಕೊಳ್ಳುವಂತಾಯಿತು! ಅದನ್ನು ತಡೆಯೋಕೆ 1802ರ ಹೊತ್ತಿಗೆ ಮೂರನೇ ಸಲೀಮ್ ತಾನೇ ಅಂಥ ಪತ್ರಗಳನ್ನು ತನ್ನ ಪ್ರಜೆಗಳಿಗೆ ಮಾರಲು ಶುರುಮಾಡಿದ. ಮುಂದೆ 1840ರಲ್ಲಿ ಎರಡೂ ಕಡೆಯವರು ಕೂರುವ ವಾಣಿಜ್ಯ ನ್ಯಾಯಮಂಡಳಿ, ಈಜಿಪ್ತಿನಲ್ಲಿ 1876ರಿಂದ ಮಿಶ್ರ ನ್ಯಾಯಾಲಯಗಳು ಬಂದವು, ಖಾಜಿಯ ಕೈಯಿಂದ ಈ ವ್ಯಾಜ್ಯಗಳು ಜಾರಿದವು. ಅಹದ್‌ನಾಮೆಗಳನ್ನು ಆಟೊಮನ್ ಸರ್ಕಾರ 1914ರಲ್ಲಿ ತಾನಾಗಿ ರದ್ದು ಮಾಡಿತು, 1923ರ ಲೊಸಾನ್ ಒಪ್ಪಂದದಲ್ಲಿ ಉಳಿದವರೂ ಒಪ್ಪಿದರು. ಈಜಿಪ್ತಿನ ಮಿಶ್ರ ನ್ಯಾಯಾಲಯಗಳು ಮಾತ್ರ 1949ರವರೆಗೆ ನಡೆದವು.

ಬಾರ್ಕೂರಿನವಳು:
ಈ ದಫ್ತರಗಳನ್ನು ನಾವು ನೋಡಬಹುದಾ? ಅರಬ್ಬಿ ಲಿಪಿ ಅಲ್ಪಸ್ವಲ್ಪ ಬರುತ್ತದೆ, ಹಳೆಯ ತುರ್ಕಿ ಬರುವುದಿಲ್ಲ.

ಹಳೇದಫ್ತರ:
ನೋಡಬಹುದು. ಇಸ್ತಾಂಬುಲ್ ಖಾಜಿಗಳ ದಫ್ತರಗಳಲ್ಲಿ ಹಲವನ್ನು ಈಗಿನ ತುರ್ಕಿ ಲಿಪಿಗೆ ಇಳಿಸಿ ಅಚ್ಚು ಹಾಕಿದ್ದಾರೆ, ಆನ್‌ಲೈನ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತವೆ, ಗಲಾಟಾದ ಸಂಪುಟಗಳೂ ಇವೆ. ಫ್ರಾಂಕರ ಹೆಸರುಗಳನ್ನು ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ, ಹಾಗಾಗಿ ಹೆಸರು ಹಾಕಿ ಹುಡುಕಿದರೆ ಸಿಗುವುದು ಕಷ್ಟ. ತಂದೆಯ ಹೆಸರಿನ ಹಿಂದೆ ಏನಿದೆ ನೋಡಿ. ಮುಸ್ಲಿಮನಾದರೆ "ಬಿನ್" ಅಂತಿರುತ್ತದೆ, ಮುಸ್ಲಿಮೇತರನಾದರೆ "ವೆಲೆದ್". ವೆಲೆದ್ ಹಿಡಿದು ಹುಡುಕಿ, ಆಮೇಲೆ ಮುಸ್ತಾಮಿನ್ ಅನ್ನೋ ಮಾತು ಎಲ್ಲಿ ಬರುತ್ತದೆ ನೋಡಿ, ನಂತರ ಪುಟದ ಕೊನೆಯಲ್ಲಿರುವ ಸಾಕ್ಷಿಗಳ ಸಾಲಿಗೆ ಇಳಿಯಿರಿ.